ಸೇಡಿನ ರಾತ್ರಿ ದಾಟಿಸುವವರು

ಪ್ರಶ್ನೆ: ಅಮೆರಿಕದ ಬಾಲ್ಟಿಮೋರ್‌ನಲ್ಲಿ ಕಪ್ಪು ಜನರ ಬಡಾವಣೆಗಳಲ್ಲಿ ಗುಂಡಿನ ದಾಳಿ ತಡೆಯಲು ಕಿತ್ತಳೆ ಟಿ-ಶರ್ಟ್ ತೊಟ್ಟ ‘ಸೇಫ್ ಸ್ಟ್ರೀಟ್ಸ್’ ಕಾರ್ಯಕರ್ತರು ಓಡಾಡುತ್ತಾರಂತೆ. ಅವರಲ್ಲಿ ಅನೇಕರು ಜೈಲಿಗೆ ಹೋಗಿ ಬಂದವರು. ಪೊಲೀಸರ ಕೈಲಾಗದ್ದು ಇವರಿಂದ ಹೇಗಾಗುತ್ತದೆ?

ಉತ್ತರ: ಜೈಲಿಗೆ ಹೋಗಿ ಬಂದದ್ದೇ ಇಲ್ಲಿ ಅರ್ಹತೆ. ತಮ್ಮನಿಗೆ ಗುಂಡೇಟು ಬಿದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ ಹಲ್ಲು ಕಚ್ಚಿ ಕೂತ ಹುಡುಗ ಪೊಲೀಸರೆದುರು ಬಾಯಿ ಬಿಡುವುದಿಲ್ಲ. ಪಾದ್ರಿಯ ಮಾತಿಗೆ ತಲೆಯಾಡಿಸಿ ಎದ್ದು ಹೋಗುತ್ತಾನೆ. ಅದೇ ಓಣಿಯಲ್ಲಿ ಬೆಳೆದು, ಇಂಥದ್ದೇ ಸೇಡಿಗೆ ಹತ್ತು ವರ್ಷ ಒಳಗಿದ್ದವನು ಪಕ್ಕ ಬಂದು ಕೂತರೆ ಕಿವಿಗೊಡುತ್ತಾನೆ.

ಈ ಪದ್ಧತಿ ಶುರುವಾದದ್ದು 2000ದಲ್ಲಿ, ಶಿಕಾಗೊದ ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್ ಬಡಾವಣೆಯಲ್ಲಿ. ಆಫ್ರಿಕಾದಲ್ಲಿ ಕಾಲರಾ, ಏಡ್ಸ್ ವಿರುದ್ಧ ಕೆಲಸ ಮಾಡಿ ಮರಳಿದ್ದ ಡಾ. ಗ್ಯಾರಿ ಸ್ಲಟ್ಕಿನ್ ಅವರಿಗೆ ಗುಂಡಿನ ದಾಳಿಯೂ ಸೋಂಕಿನಂತೆಯೇ ಹಬ್ಬುತ್ತದೆ ಎನ್ನಿಸಿತು: ಒಂದು ದಾಳಿ ಇನ್ನೊಂದನ್ನು ಹೆರುತ್ತದೆ. ಬಾಲ್ಟಿಮೋರ್ ಅದನ್ನು ತಂದದ್ದು 2007ರಲ್ಲಿ.

ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಎರಡೂ ಕಡೆಯವರನ್ನು ತಕ್ಷಣ ಎದುರುಬದುರು ಕೂರಿಸುವುದು. ಅರಳಿಕಟ್ಟೆಯ ಪಂಚಾಯ್ತಿ ಇಲ್ಲಿ ನಡೆಯದು. ಹತ್ತು ಜನ ನೋಡುತ್ತಿರುವಾಗ ಯಾರೂ ಹಿಂದೆ ಸರಿಯುವುದಿಲ್ಲ. ಮೊದಲು ಹುಡುಗನನ್ನು ಗೆಳೆಯರಿಂದ ಬಿಡಿಸಿ ಊಟಕ್ಕೋ, ಕಾರಿನಲ್ಲಿ ಒಂದು ಸುತ್ತಿಗೋ ಕರೆದೊಯ್ಯಬೇಕು. ಬುದ್ಧಿವಾದ ಬೇಡ. ‘ನೀನು ಒಳಗೆ ಹೋದರೆ ಮಗುವನ್ನು ಯಾರು ನೋಡಿಕೊಳ್ತಾರೆ?’ ಎಂದು ಕೇಳಿ ಸುಮ್ಮನಿದ್ದರೆ ಸಾಕು. ಆ ರಾತ್ರಿ ದಾಟಿತೆಂದರೆ ಅರ್ಧ ಕೆಲಸ ಆಯಿತು. ಬೆಳಗ್ಗೆ, ಅವನು ಮಾತು ಮೀರದ ಒಬ್ಬರನ್ನು ಹುಡುಕಬೇಕು. ಎಷ್ಟೋ ಸಲ ಅದು ಅಜ್ಜಿ. ಜಗಳದ ಬುಡ ನೋಡಿದರೆ ಸಣ್ಣ ಸಾಲವೋ, ಇನ್‌ಸ್ಟಾಗ್ರಾಂನಲ್ಲಿ ಮಾಡಿದ ಅಣಕವೋ ಆಗಿರುತ್ತದೆ. ಮರ್ಯಾದೆ ಉಳಿಸಿಕೊಂಡು ಹಿಂದೆ ಬರಲು ಅವನಿಗೊಂದು ನೆಪ ಕೊಡಬೇಕು. ಮುಂದಿನ ವಾರ ಮತ್ತೆ ವಿಚಾರಿಸಬೇಕು, ಏಕೆಂದರೆ ಗಾಯಾಳು ಮನೆಗೆ ಬಂದ ದಿನ ಸಿಟ್ಟು ಮತ್ತೆ ಏಳುತ್ತದೆ.

ಪೊಲೀಸರೊಂದಿಗಿನ ಮಾಹಿತಿ ಒಮ್ಮುಖ. ಎಲ್ಲಿ ಗುಂಡು ಹಾರಿತೆಂದು ಅವರು ಇವರಿಗೆ ತಿಳಿಸಬಹುದು, ಇವರು ಕೇಳಿಸಿಕೊಂಡದ್ದು ಆಚೆ ಹೋಗಬಾರದು. ಒಬ್ಬ ಕಾರ್ಯಕರ್ತ ಬಾಯಿ ಬಿಟ್ಟನೆಂಬ ಸುದ್ದಿ ಹರಡಿದರೂ ಇಡೀ ತಂಡ ಆ ಓಣಿಗೆ ಕಾಲಿಡುವಂತಿಲ್ಲ.

ಎಲ್ಲ ಕಡೆಯೂ ಫಲ ಸಿಕ್ಕಿಲ್ಲ. ಪಿಟ್ಸ್‌ಬರ್ಗ್‌ನ ಇಂಥದೇ ಒಂದು ಯೋಜನೆಯಿಂದ ಕೊಲೆಗಳು ಇಳಿಯಲಿಲ್ಲವೆಂದು 2010ರ ಆಸುಪಾಸಿನ ಮೌಲ್ಯಮಾಪನ ಹೇಳಿತು. ಬಾಲ್ಟಿಮೋರ್‌ನಲ್ಲೇ ಬಡಾವಣೆಯಿಂದ ಬಡಾವಣೆಗೆ ಫಲಿತಾಂಶ ಬೇರೆ. ಇನ್ನು ಅನುದಾನದ ಕಥೆ: 2015ರಲ್ಲಿ ಇಲಿನಾಯ್ ರಾಜ್ಯ ಹಣ ನಿಲ್ಲಿಸಿದಾಗ ಶಿಕಾಗೊದ ಅನೇಕ ಕಾರ್ಯಕರ್ತರು ಕೆಲಸ ಕಳೆದುಕೊಂಡರು. ವರ್ಷಗಟ್ಟಲೆ ಬೆಳೆದ ಸಲಿಗೆಯನ್ನು ಮುಂದಿನ ಬಜೆಟ್ಟಿನಲ್ಲಿ ಹೊಸದಾಗಿ ನೇಮಿಸಿಕೊಳ್ಳಲಾಗದು. ಅಪಾಯವೂ ಕಡಿಮೆಯಲ್ಲ. 2021ರ ಜನವರಿಯಿಂದ ಸುಮಾರು ಒಂದು ವರ್ಷದಲ್ಲಿ ಸೇಫ್ ಸ್ಟ್ರೀಟ್ಸ್‌ನ ಮೂವರು ಗುಂಡಿಗೆ ಬಲಿಯಾದರು.

ಪ್ರಶ್ನೆ: ಖಾಲಿ ಸೈಟು ಚೊಕ್ಕ ಮಾಡಿದರೂ ಗುಂಡಿನ ದಾಳಿ ಇಳಿಯುತ್ತದೆ ಎನ್ನುತ್ತಾರಲ್ಲ, ನಂಬಬಹುದೇ?

ಉತ್ತರ: ನಂಬಬಹುದು. ಫಿಲಡೆಲ್ಫಿಯಾದಲ್ಲಿ 541 ಖಾಲಿ ಸೈಟುಗಳನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಾಗಿ ಹಂಚಿ, ಕೆಲವನ್ನು ಚೊಕ್ಕ ಮಾಡಿ, ಉಳಿದವನ್ನು ಹಾಗೇ ಬಿಟ್ಟು ಪರೀಕ್ಷಿಸಿದರು. 2018ರಲ್ಲಿ ಬಂದ ಲೆಕ್ಕದಂತೆ, ಕಡುಬಡ ಬಡಾವಣೆಗಳಲ್ಲಿ ಬಂದೂಕಿನ ಹಿಂಸೆ ಸುಮಾರು ಶೇ 29ರಷ್ಟು ಇಳಿದಿತ್ತು. ಆಳೆತ್ತರದ ಕಳೆಯಲ್ಲಿ ಬಂದೂಕು ಬಚ್ಚಿಡುವುದು ಸುಲಭ. ಹುಲ್ಲು ಕತ್ತರಿಸಿದ ಜಾಗದಲ್ಲಿ ಮಕ್ಕಳು ಆಡುತ್ತಾರೆ, ಹಿರಿಯರು ಕುರ್ಚಿ ಹಾಕಿ ಕೂರುತ್ತಾರೆ.

ಮಾಡುವುದಿಷ್ಟೇ: ಕಸ ತೆಗೆದು ನೆಲ ಮಟ್ಟ ಮಾಡಿ, ಹುಲ್ಲು ಬಿತ್ತಿ, ಒಂದೆರಡು ಮರ ನೆಟ್ಟು, ಸುತ್ತ ಮರದ ಗಿಡ್ಡ ಬೇಲಿ ಹಾಕುವುದು. ಬೇಲಿ ಗಿಡ್ಡವೇ ಇರಬೇಕು, ಒಳಗೆ ಹೋಗಲು ಸಂದೂ ಬೇಕು. ಕಸ ಸುರಿಯಲು ಬರುವ ಲಾರಿಗೆ ಅಡ್ಡಿಯಾಗಬೇಕು, ಮನುಷ್ಯರಿಗಲ್ಲ. ಹುಲ್ಲು ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆಯಾದರೂ ಕತ್ತರಿಸದಿದ್ದರೆ ಕಳೆ ಎದ್ದು, ಸೈಟು ಮತ್ತೆ ತಿಪ್ಪೆಯಾಗುತ್ತದೆ.