ಒಬ್ಬ ಮನುಷ್ಯ, ನಾಲ್ಕು ಫೈಲು

ಓದುಗರ ಪತ್ರ (ಸಂಕ್ಷಿಪ್ತ): ದೊಡ್ಡವರಲ್ಲಿ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ ಕುರಿತು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನ್ನ ಮಗನಿಗೆ 36 ವರ್ಷ. ಅವನಿಗೂ ಅದೇ ಇದೆ ಅಂದಿದ್ದಾರೆ. ಚಿಕ್ಕಂದಿನಿಂದ ಉಬ್ಬಸ, ಈಗ ಶುಗರ್, ತೂಕವೂ ಜಾಸ್ತಿ, ರಾತ್ರಿ ಎರಡಾದರೂ ನಿದ್ದೆ ಇಲ್ಲ. 'ಬೇಗ ಮಲಗು, ಬೆಳಿಗ್ಗೆ ಎದ್ದು ವಾಕಿಂಗ್ ಹೋಗು, ಎಲ್ಲ ಸರಿಹೋಗುತ್ತೆ' ಅಂತ ನಾನು. 'ಇವೆಲ್ಲ ಒಂದಕ್ಕೊಂದು ಸೇರಿಕೊಂಡಿವೆ ಅಪ್ಪಾ' ಅಂತ ಅವನು. ನಮ್ಮ ಕಾಲದಲ್ಲಿ ಈ ಕಾಯಿಲೆ ಎಲ್ಲಿತ್ತು ಸ್ವಾಮಿ?
ನಿವೃತ್ತ ಶಿಕ್ಷಕರು, ತಿಪಟೂರು

ಸಂಪಾದಕರ ಉತ್ತರ:

ಮೇಷ್ಟ್ರೇ, ವಾಕಿಂಗ್ ಒಳ್ಳೆಯದೇ. ತೂಕಕ್ಕೂ ನಿದ್ದೆಗೂ ಗಮನಕ್ಕೂ ಒಳ್ಳೆಯದು. ಆ ಮಟ್ಟಿಗೆ ನೀವು ಹೇಳಿದ್ದು ಸರಿ. ಇನ್ನು ನಿಮ್ಮ ಮಗನ ಕಡೆ ಬರೋಣ.

ನಿಮ್ಮ ಕಾಲದಲ್ಲೂ ಇತ್ತು, ನಿಮ್ಮ ಮುತ್ತಜ್ಜನ ಕಾಲದಲ್ಲೂ ಇತ್ತು. 1798ರಲ್ಲೇ ಅಲೆಕ್ಸಾಂಡರ್ ಕ್ರೈಟನ್ ಎಂಬ ಸ್ಕಾಟ್ಲೆಂಡಿನ ವೈದ್ಯ, ನಾಯಿ ಬೊಗಳಿದರೂ ಗಮನ ತಪ್ಪಿಹೋಗುವವರ ಬಗ್ಗೆ ಬರೆದಿದ್ದಾನೆ. 1902ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ಡಾಕ್ಟರು, ಬುದ್ಧಿ ಚುರುಕಾಗಿದ್ದೂ ಹತೋಟಿ ಇಲ್ಲದ ಮಕ್ಕಳ ಬಗ್ಗೆ ಸಾಲಾಗಿ ಉಪನ್ಯಾಸ ಕೊಟ್ಟರು. ನಮ್ಮ ಶಾಲೆಗಳಲ್ಲಿ ಇಂಥ ಹುಡುಗರು ಬೆಂಚಿನ ಮೇಲೆ ನಿಂತಿರುತ್ತಿದ್ದರು. ನಿಲ್ಲಿಸಿದವರು ಯಾರು ಅಂತ ನಾನು ಕೇಳೋದಿಲ್ಲ ಬಿಡಿ.

'ಸೇರಿಕೊಂಡಿವೆ' ಅಂತ ನಿಮ್ಮ ಮಗ ಸುಮ್ನೆ ಹೇಳಿದ್ದಲ್ಲ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು 40 ಲಕ್ಷಕ್ಕೂ ಹೆಚ್ಚು ಜನರ ಆರೋಗ್ಯ ದಾಖಲೆಗಳನ್ನು ಜಾಲಾಡಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದೇಹದ 35 ಕಾಯಿಲೆಗಳನ್ನು ಇಟ್ಟುಕೊಂಡು ನೋಡಿದರೆ, ಒಂದನ್ನು ಬಿಟ್ಟು ಉಳಿದವೆಲ್ಲ ಎಡಿಎಚ್‌ಡಿ ಇರುವವರಲ್ಲಿ ಹೆಚ್ಚಾಗಿ ಕಂಡವು. ಉಬ್ಬಸ, ಬೊಜ್ಜು, ಶುಗರ್ ಎಲ್ಲ ಆ ಪಟ್ಟಿಯಲ್ಲಿವೆ. ಅಣ್ಣತಮ್ಮ ಅಕ್ಕತಂಗಿಯರನ್ನೂ ಹೋಲಿಸಿ ನೋಡಿದ್ದರಿಂದ ವಂಶದ ಪಾಲು ಎಷ್ಟು ಅಂತಲೂ ಅಂದಾಜು ಸಿಕ್ಕಿತು. ಪಾಲು ಸಣ್ಣದಲ್ಲ.

ವಂಶ ಅಂದ ಮೇಲೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪತ್ರ ಮಗನಿಂದ ಶುರುವಾಗಿ, ಎರಡನೇ ಪುಟದಲ್ಲಿ ರೈಲ್ವೆ ಗೇಟಿಗೆ ಹೋಗಿ, ಅಲ್ಲಿಂದ ಕೊಬ್ಬರಿ ರೇಟಿಗೆ ಹಾರಿ, ಅಂಚಿನಲ್ಲಿ ಬೇರೆ ಇಂಕಿನಲ್ಲಿ 'ಮರೆತಿದ್ದೆ' ಅಂತ ಮತ್ತೆ ಮಗನ ಹತ್ತಿರ ಬರುತ್ತದೆ. ಓದಿ ಖುಷಿಪಟ್ಟೆ. ನಾನು ಡಾಕ್ಟರಲ್ಲ, ಆದರೂ ಅನ್ನಿಸಿದ್ದನ್ನು ಹೇಳಿದೆ.

ಬರೀ ವಂಶವಾದರೆ ಕೈಕಟ್ಟಿ ಕೂರಬೇಕಿತ್ತು. ದಿನನಿತ್ಯದ ಎಡವಟ್ಟುಗಳೂ ಇವೆ. ಉಬ್ಬಸದ ಇನ್‌ಹೇಲರ್ ನೋಡಿ. ಎಷ್ಟೋ ಜನರಿಗೆ ಅದನ್ನು ಉಸಿರು ಚೆನ್ನಾಗಿದ್ದಾಗಲೂ ದಿನಾ ಬೆಳಿಗ್ಗೆ ಸಂಜೆ ಎಳೆದುಕೊಳ್ಳಿ ಅಂತ ಕೊಟ್ಟಿರುತ್ತಾರೆ. ತೊಂದರೆಯೇ ಕಾಣದ ದಿನ ಔಷಧ ನೆನಪಿಡುವುದು ಎಲ್ಲರಿಗೂ ಕಷ್ಟ, ಇಂಥವರಿಗೆ ಎರಡು ಪಟ್ಟು ಕಷ್ಟ. ಶುಗರ್ ಮಾತ್ರೆಯ ಸ್ಟ್ರಿಪ್ಪಿನಲ್ಲಿ ಸೋಮವಾರದ್ದು ಖಾಲಿ, ಮಂಗಳವಾರ ಬುಧವಾರದ್ದು ಹಾಗೇ ಕೂತಿರುತ್ತವೆ. ಕೆಲಸದಲ್ಲಿ ಮುಳುಗಿ ಮಧ್ಯಾಹ್ನದ ಊಟ ಬಿಟ್ಟವನು ರಾತ್ರಿ ಹನ್ನೊಂದಕ್ಕೆ ಚಕ್ಕುಲಿ ಡಬ್ಬಿ ಖಾಲಿ ಮಾಡುತ್ತಾನೆ. ನಿದ್ದೆಯ ಕತೆಯೂ ಹೀಗೇ. ಕತ್ತಲಾದ ಮೇಲೆ ಮೈಯಲ್ಲಿ ಏರಬೇಕಾದ, ನಿದ್ದೆಯ ಹೊತ್ತಾಯಿತು ಅಂತ ಹೇಳುವ ಹಾರ್ಮೋನು ಮೆಲಟೋನಿನ್ ಇವರಲ್ಲಿ ಎಷ್ಟೋ ಜನಕ್ಕೆ ತಡವಾಗಿ ಏರುತ್ತದೆ. ಹತ್ತಕ್ಕೆ ಮಲಗು ಅಂದರೆ ಮಲಗಬಹುದು. ನಿದ್ದೆ ಎಲ್ಲಿಂದ ತರೋದು? ನಿದ್ದೆ ಕೆಟ್ಟರೆ ಮರುದಿನ ಹಸಿವು ಜಾಸ್ತಿ, ಗಮನ ಕಡಿಮೆ.

ಇದನ್ನು ಹಗುರವಾಗಿ ನೋಡಬೇಡಿ. ಎಡಿಎಚ್‌ಡಿ ಅಂತ ಗುರುತಾದ ಗಂಡಸರ ಆಯಸ್ಸು ಉಳಿದವರಿಗಿಂತ ಸುಮಾರು 7 ವರ್ಷ, ಹೆಂಗಸರದ್ದು ಸುಮಾರು 9 ವರ್ಷ ಕಡಿಮೆ ಅಂತ 2025ರ ಬ್ರಿಟನ್ನಿನ ಅಧ್ಯಯನವೊಂದು ಲೆಕ್ಕ ಹಾಕಿದೆ. ಗಾಬರಿ ಬೇಡ. ಇದು ಸರಾಸರಿ, ನಿಮ್ಮ ಮಗನ ಜಾತಕ ಅಲ್ಲ. ಸರಿಪಡಿಸಬಹುದಾದ ಅಭ್ಯಾಸಗಳು, ಸಿಗದೇ ಹೋದ ಚಿಕಿತ್ಸೆ, ಇವೇ ಕಾರಣ ಇರಬೇಕು ಅಂತ ಅವರೇ ಬರೆದಿದ್ದಾರೆ.

ನನಗೆ ಸಿಟ್ಟು ಬರುವುದು ಇಲ್ಲೇ. ಆ ಚಿಕಿತ್ಸೆ ಕೊಡುವವರು ಯಾರು? ಉಬ್ಬಸಕ್ಕೆ ಒಬ್ಬರು, ಶುಗರ್‌ಗೆ ಒಬ್ಬರು, ನಿದ್ದೆಗೆ ಒಬ್ಬರು, ಮನಸ್ಸಿಗೆ ಒಬ್ಬರು. ನಾಲ್ಕು ಟೋಕನ್, ನಾಲ್ಕು ಫೈಲು. ಒಬ್ಬರ ಚೀಟಿಯನ್ನು ಇನ್ನೊಬ್ಬರು ಓದುವುದಿಲ್ಲ. ಎಲ್ಲವನ್ನೂ ನೆನಪಿಟ್ಟು ಒಬ್ಬರಿಂದ ಒಬ್ಬರಿಗೆ ಹೇಳುತ್ತಾ ತಿರುಗುವ ಕೆಲಸ ಯಾರ ತಲೆಗೆ? ನೆನಪಿಟ್ಟುಕೊಳ್ಳುವುದೇ ಕಷ್ಟ ಅಂತ ಬಂದವನ ತಲೆಗೆ! ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ಎಲ್ಲ ಮೆಡಿಕಲ್ ಸ್ಟೋರಿನಲ್ಲೂ ಸಿಗುವುದಿಲ್ಲ, ಚೀಟಿ ಇಲ್ಲದೆ ಕೊಡುವಂತೆಯೂ ಇಲ್ಲ. ಸರಿ, ನಿಯಮ ಇರಲಿ. ಚೀಟಿ ಕಳೆದುಕೊಳ್ಳುವುದೇ ಇವರ ಕಾಯಿಲೆ ಅನ್ನೋದನ್ನೂ ಯಾರಾದರೂ ಯೋಚಿಸಬೇಕಲ್ವಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳಿವೆ. ಆಟಿಸಂ ಇದೆ, ಕಲಿಕೆಯ ತೊಂದರೆ ಇದೆ. ಎಡಿಎಚ್‌ಡಿಯ ಹೆಸರಿಲ್ಲ.

ಮೊದಲು ಬೀದಿಗೊಬ್ಬ ಡಾಕ್ಟರಿದ್ದರು. ಅಪ್ಪನ ಉಬ್ಬಸ, ಅಮ್ಮನ ತಲೆನೋವು, ಮಗ ಫೇಲಾದದ್ದು, ಎಲ್ಲ ಅವರಿಗೆ ಗೊತ್ತಿತ್ತು. ಅವರಿಗೆ ಎಡಿಎಚ್‌ಡಿ ಅನ್ನುವ ಹೆಸರು ಗೊತ್ತಿರಲಿಲ್ಲ, ನಿಜ. ಮನುಷ್ಯ ಗೊತ್ತಿದ್ದ. ಈಗ ಬೋರ್ಡಿನಲ್ಲಿ ಡಿಗ್ರಿಗಳ ಸಾಲೇ ಇರುತ್ತದೆ, ಒಳಗೆ ಹೋದರೆ ಕಂಪ್ಯೂಟರ್ ನೋಡುತ್ತಲೇ 'ಹೇಳಿ' ಅನ್ನುತ್ತಾರೆ.

ಮುಂದಿನ ಸಲ ಮಗನ ಜೊತೆ ಶುಗರ್ ಡಾಕ್ಟರ ಹತ್ತಿರ ನೀವೂ ಹೋಗಿ ಮೇಷ್ಟ್ರೇ. ಹೋಗುವ ಮೊದಲು ಎಲ್ಲ ಮಾತ್ರೆಗಳ ಹೆಸರನ್ನು ಒಂದೇ ಹಾಳೆಯಲ್ಲಿ ನಿಮ್ಮ ದುಂಡಗಿನ ಅಕ್ಷರದಲ್ಲಿ ಬರೆದುಕೊಡಿ. ಗಮನಕ್ಕೆ ಕೊಡುವ ಮಾತ್ರೆಗಳಲ್ಲಿ ಕೆಲವು ಹಸಿವು ಕುಗ್ಗಿಸುತ್ತವೆ, ಬಿಪಿ ಏರಿಸಬಹುದು. ಅದು ಶುಗರ್ ನೋಡುವವರಿಗೂ ಗೊತ್ತಿರಬೇಕು. 'ಅದು ಬೇರೆ ಡಿಪಾರ್ಟ್‌ಮೆಂಟು' ಅಂದರೆ, ಬೇರೆ ಹೇಗೆ ಅಂತ ಮೇಷ್ಟ್ರ ದನಿಯಲ್ಲೇ ಕೇಳಿ. ಉತ್ತರ ಬರುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.