ಇಂಟರ್ನ್‌ಶಿಪ್ ಅವಧಿಯಲ್ಲಿ ಸ್ವಂತ ಸ್ಟಾರ್ಟಪ್ ಮಾಡಬಹುದೇ? (ಶಿವಮೊಗ್ಗ, ಅಡಿಕೆ ಎಷ್ಟು ಒಣಗಿದೆ ಎಂದು ಹೇಳುವ ಸಾಧನ)

ನಿಮ್ಮ ಪ್ರಶ್ನೆ ಇಷ್ಟು: ಶಿವಮೊಗ್ಗದಲ್ಲಿ ಎಲೆಕ್ಟ್ರಾನಿಕ್ಸ್ ಆರನೇ ಸೆಮಿಸ್ಟರ್, ಮೂವರು ಗೆಳೆಯರು, ಬೇಯಿಸಿದ ಅಡಿಕೆ ಎಷ್ಟು ಒಣಗಿದೆ ಎಂದು ಹೇಳುವ ಸಾಧನದ ಐಡಿಯಾ. ಬೆಂಗಳೂರಿನ ಕಂಪನಿಗೆ ಇಂಟರ್ನ್‌ಶಿಪ್‌ಗೆ ಹೋಗುವ ಬದಲು ಆ ಅವಧಿಯನ್ನು ಇದಕ್ಕೇ ಹಾಕಬಹುದೇ?

ಹಾಕಬಹುದು. ಆದರೆ ಯಾವ ಸೆಮಿಸ್ಟರಿನಲ್ಲಿ ಎನ್ನುವುದರ ಮೇಲೆ ಅರ್ಧ ಕೆಲಸ ನಿಂತಿದೆ.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮಿನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಇಂಟರ್ನ್‌ಶಿಪ್ 14ರಿಂದ 20 ವಾರ, 10 ಕ್ರೆಡಿಟ್, ಎಂಟನೇ ಸೆಮಿಸ್ಟರಿನಲ್ಲಿ ಬರುತ್ತದೆ. ಅಂದರೆ ಹೆಚ್ಚುಕಡಿಮೆ ಫೆಬ್ರುವರಿಯಿಂದ ಮೇ. ಆಗ ನಮ್ಮ ಕಡೆ ಕೊಯ್ಲು ಮುಗಿದು, ಹಂಡೆ ತೊಳೆದು ಕವುಚಿ ಇಟ್ಟಿರುತ್ತಾರೆ. ಬೇಯಿಸಿದ ಅಡಿಕೆ ಅಂಗಳದಲ್ಲಿ ಸಿಗುವುದು ಆಗಸ್ಟ್ ಕೊನೆಯಿಂದ ಡಿಸೆಂಬರ್, ತಪ್ಪಿದರೆ ಜನವರಿಯವರೆಗೆ. ಫೆಬ್ರುವರಿಯಲ್ಲಿ ಶುರು ಮಾಡಿದರೆ ನಾಲ್ಕು ತಿಂಗಳೂ ಲ್ಯಾಬಿನಲ್ಲೇ ಕೂತು, ಅಂಗಡಿಯಿಂದ ತಂದ ಅಡಿಕೆಯನ್ನು ನೀರಲ್ಲಿ ನೆನೆಸಿ ಒಣಗಿಸಿ ನೋಡಬೇಕಾಗುತ್ತದೆ. ನೆನೆಸಿದ ಒಣ ಅಡಿಕೆಯೂ ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕೆಂಪು ರಸ) ಬೆಂದ ಹಸಿ ಅಡಿಕೆಯೂ ಒಂದೇ ಥರ ಒಣಗುವುದಿಲ್ಲ.

ಇದಕ್ಕೆ ದಾರಿ ಸ್ಕೀಮಿನಲ್ಲೇ ಇದೆ. ಏಳು ಮತ್ತು ಎಂಟನೇ ಸೆಮಿಸ್ಟರ್‌ಗಳನ್ನು ಅದಲುಬದಲು ಮಾಡಿಕೊಳ್ಳಲು ಕಾಲೇಜಿಗೆ ಅವಕಾಶವಿದೆ. ಗಮನಿಸಿ, ಅವಕಾಶ ಇರುವುದು ಕಾಲೇಜಿಗೆ. ನೀವು ಮೂವರೇ ಬದಲಿಸಿಕೊಳ್ಳಲು ಬರುವುದಿಲ್ಲ. ಆದ್ದರಿಂದ ಆರನೇ ಸೆಮಿಸ್ಟರ್ ಪರೀಕ್ಷೆಗೆ ಮೊದಲೇ ಎಚ್‌ಒಡಿ ಹತ್ತಿರ ಹೋಗಿ, ಬರವಣಿಗೆಯಲ್ಲಿ ಕೇಳಿ. ಸ್ವಾಯತ್ತ ಕಾಲೇಜಾದರೆ ಅದರದ್ದೇ ನಿಯಮ ಇರುತ್ತದೆ. ಅದಲುಬದಲಿನ ಒಂದು ತೊಂದರೆಯನ್ನೂ ಹೇಳಿಬಿಡುತ್ತೇನೆ: ಕ್ಯಾಂಪಸ್ ಸಂದರ್ಶನಗಳು ಬರುವುದೂ ಅದೇ ತಿಂಗಳುಗಳಲ್ಲಿ. ಮೂವರಲ್ಲಿ ಒಬ್ಬರ ಮನಸ್ಸು ಅತ್ತ ಇರುತ್ತದೆ ಎಂದು ಲೆಕ್ಕ ಹಾಕಿಕೊಂಡೇ ಕೆಲಸ ಹಂಚಿ. ಕಾಲೇಜು ಒಪ್ಪದಿದ್ದರೆ ಐಡಿಯಾವನ್ನೇ ಬದಲಿಸುವುದು ಲೇಸು. ಫೆಬ್ರುವರಿಯಿಂದ ಮೇವರೆಗೆ ತೋಟಕ್ಕೆ ನೀರು ಹಾಯಿಸುವ ಕಾಲ, ಆಗ ಪರೀಕ್ಷಿಸಬಹುದಾದ ಸಮಸ್ಯೆಗಳು ಬೇರೆ ಇವೆ.

ಎರಡನೆಯದು, ಸರ್ಟಿಫಿಕೇಟ್ ಯಾರು ಕೊಡುತ್ತಾರೆ ಎನ್ನುವುದು. ನಿಮ್ಮದೇ ಲೆಟರ್‌ಹೆಡ್‌ನಲ್ಲಿ ನಿಮಗೇ ಸರ್ಟಿಫಿಕೇಟ್ ಬರೆದುಕೊಂಡರೆ ವೈವಾದಲ್ಲಿ ನಿಲ್ಲುವುದಿಲ್ಲ. ಕಾಲೇಜಿನ ಇನ್‌ಕ್ಯುಬೇಶನ್ ಸೆಂಟರ್ (ಹೊಸ ಉದ್ಯಮಗಳಿಗೆ ನೆರವಾಗುವ ಕೇಂದ್ರ) ಅಥವಾ ಇನ್ನೋವೇಶನ್ ಕೌನ್ಸಿಲ್ ನಿಮ್ಮ ಆತಿಥೇಯ ಸಂಸ್ಥೆ ಆಗಲಿ; ಹೊರಗಿನ ಒಬ್ಬರು, ಉದಾಹರಣೆಗೆ ಸಣ್ಣ ಯಂತ್ರ ತಯಾರಿಸುವ ಘಟಕದವರು, ಹೊರ ಮಾರ್ಗದರ್ಶಕರಾಗಿ ವಾರಕ್ಕೊಮ್ಮೆ ಡೈರಿಗೆ ಸಹಿ ಹಾಕಲಿ. ಡೈರಿಯಲ್ಲಿ 'ಇಂದು ಕೋಡಿಂಗ್ ಮಾಡಿದೆವು' ಎಂದು ಬರೆದರೆ ಏನೂ ಪ್ರಯೋಜನವಿಲ್ಲ. ದಿನಾಂಕ, ಯಾರ ಅಂಗಳ, ತೂಕದ ಪಟ್ಟಿ, ಏನು ಕೆಟ್ಟಿತು, ಬಿಲ್ಲಿನ ನಂಬರ್, ಇಷ್ಟಿದ್ದರೆ ವರದಿ ತಾನಾಗಿಯೇ ತಯಾರಾಗುತ್ತದೆ.

ಇನ್ನು ಸಾಧನದ ವಿಷಯ. ಅಡಿಕೆಯೊಳಗಿನ ತೇವವನ್ನು ನೇರವಾಗಿ ಅಳೆಯಲು ಹೋಗಬೇಡಿ. ಎರಡು ಮುಳ್ಳು ಚುಚ್ಚಿ ವಿದ್ಯುತ್ ರೋಧ ಅಳೆಯುವುದು ಧಾನ್ಯಕ್ಕೆ ಆದೀತು. ಬೆಂದ ಅಡಿಕೆಯ ಮೇಲೆ ಚೊಗರಿನ ಪದರ, ಒಳಗೆ ಹಸಿ, ಒಂದೊಂದು ಅಡಿಕೆಗೂ ಒಂದೊಂದು ಅಂಕಿ ಬರುತ್ತದೆ. ತೂಕ ಅಳೆಯಿರಿ. ಒಣಗುವುದೆಂದರೆ ನೀರು ಹೋಗುವುದು, ನೀರು ಹೋದರೆ ತೂಕ ಇಳಿಯುತ್ತದೆ. ಮೂರು ಸಂಜೆ ಸತತವಾಗಿ ತೂಕ ಇಳಿಯದೆ ನಿಂತರೆ, ಬಿಸಿಲೂ ಇದ್ದಿದ್ದರೆ, ಒಣಗಿದೆ ಎಂದರ್ಥ.

ಮೊದಲ ಮಾದರಿಗೆ ಬೇಕಾದದ್ದು: 5 ಕೆ.ಜಿ.ಯ ಲೋಡ್ ಸೆಲ್ (ತೂಕದ ಸೆನ್ಸರ್), ಅದರ ಸಂಕೇತ ಓದುವ ಎಚ್‌ಎಕ್ಸ್711 ಬೋರ್ಡ್, ಒಂದು ಇಎಸ್‌ಪಿ32 (ಎಲ್ಲವನ್ನೂ ನಡೆಸುವ ಮೈಕ್ರೋಕಂಟ್ರೋಲರ್), ಎಸ್‌ಎಚ್‌ಟಿ31 ತಾಪ-ತೇವಾಂಶ ಸೆನ್ಸರ್, 16×2 ಎಲ್‌ಸಿಡಿ, ಒಂದು 18650 ಬ್ಯಾಟರಿ, ಐಪಿ65 ಡಬ್ಬಿ (ಧೂಳು, ನೀರು ತಡೆಯುವಂಥದ್ದು), ಮತ್ತು ಗಾಳಿಯಾಡುವ ಬಲೆಯ ತಟ್ಟೆ. ತಟ್ಟೆಯಲ್ಲಿ 2 ಕೆ.ಜಿ. ಹಸಿ ಅಡಿಕೆ. ನಾಲ್ಕು ಮಾದರಿ ಮಾಡಿ, ಲೋಡ್ ಸೆಲ್ ಮತ್ತು ಎಚ್‌ಎಕ್ಸ್711 ಮಾತ್ರ ಎಂಟೆಂಟು ತರಿಸಿ. ಕೆಡುವುದು ಅವೇ, ಬೆಂಗಳೂರಿನಿಂದ ಕೊರಿಯರ್ ಬರುವವರೆಗೆ ಎರಡು ಬಿಸಿಲಿನ ದಿನ ಹೋದರೆ ಮತ್ತೆ ಬರುವುದಿಲ್ಲ.

ಎಲ್ಲಿ ಕೈಕೊಡುತ್ತದೆ ಎಂದರೆ:

ಬಿಸಿಲು ಬಿದ್ದಾಗ ಲೋಡ್ ಸೆಲ್‌ನ ಅಲ್ಯೂಮಿನಿಯಂ ಕಾಯ್ದು ಅಂಕಿ ಜಾರುತ್ತದೆ. ಮಧ್ಯಾಹ್ನದ ಓದುವಿಕೆ ನಂಬಬೇಡಿ. ಸೆಲ್‌ಗೆ ನೆರಳಿನ ತಗಡು ಕೊಡಿ, ಸಂಜೆ ಒಂದೇ ನಿಗದಿತ ಹೊತ್ತಿಗೆ ತೂಕ ತೆಗೆಯಿರಿ, ಪ್ರತಿ ಸಲ ಮೊದಲು 1 ಕೆ.ಜಿ. ಬಟ್ಟು ಇಟ್ಟು ಸರಿಹೊಂದಿಸಿ. ಗಾಳಿಗೆ ತಟ್ಟೆ ಅಲುಗುತ್ತದೆ. ಸರಾಸರಿಗಿಂತ 15 ಓದುವಿಕೆಗಳ ನಡುವಿನ ಬೆಲೆ (ಮೀಡಿಯನ್) ತೆಗೆದುಕೊಳ್ಳುವುದು ಉತ್ತಮ.

ಸಂಜೆಯಾದರೆ ಅಂಗಳದ ಅಡಿಕೆಯನ್ನು ಒಟ್ಟು ಮಾಡಿ ಟಾರ್ಪಾಲ್ ಮುಚ್ಚುತ್ತಾರೆ. ನಿಮ್ಮ ತಟ್ಟೆ ಮಾತ್ರ ಇಬ್ಬನಿಯಲ್ಲಿ ಬಿದ್ದಿದ್ದರೆ ರಾತ್ರಿ ತೂಕ ಏರುತ್ತದೆ, ಅದು ಇಡೀ ರಾಶಿಯ ಕಥೆ ಹೇಳುವುದಿಲ್ಲ. ತಟ್ಟೆಯನ್ನೂ ಎತ್ತಿ ಟಾರ್ಪಾಲ್ ಒಳಗೆ ಇಡುವಂತಿರಬೇಕು. ಅಂದರೆ ಹಿಡಿಕೆ ಬೇಕು, ನೆಲಕ್ಕೆ ಕೂರಿಸುವ ಕಂಬ ಬೇಡ. ಇಂಥದ್ದು ಲ್ಯಾಬಿನಲ್ಲಿ ಹೊಳೆಯುವುದಿಲ್ಲ. ಒಂದು ಸಂಜೆ ಅಂಗಳದಲ್ಲಿ ನಿಂತು ಅಡಿಕೆ ಬಾಚಲು ಕೈಹಾಕಿದರೆ ಹೊಳೆಯುತ್ತದೆ. ಹಾಗೆಯೇ ಇಡಿ (ಹೋಳು ಮಾಡದ ಅಡಿಕೆ) ಮತ್ತು ಬೆಟ್ಟೆ (ಎರಡು ಹೋಳು ಮಾಡಿದ್ದು) ಒಂದೇ ವೇಗದಲ್ಲಿ ಒಣಗುವುದಿಲ್ಲ, ಎರಡನ್ನೂ ಒಂದೇ ತಟ್ಟೆಗೆ ಹಾಕಬೇಡಿ.

ಡಬ್ಬಿ ಐಪಿ65 ಇದ್ದರೂ ವೈರ್ ಒಳಹೋಗುವ ತೂತು ಮೇಲ್ಮುಖವಾಗಿದ್ದರೆ ನೀರು ಇಳಿಯುತ್ತದೆ. ಕೇಬಲ್ ಗ್ಲ್ಯಾಂಡ್ ಯಾವಾಗಲೂ ಕೆಳಮುಖ. ಒಳಗೆ ಸಿಲಿಕಾ ಜೆಲ್, ಬೋರ್ಡಿಗೆ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ಲೇಪ). ಅಗ್ಗದ ಡಿಎಚ್‌ಟಿ22 ತೇವಾಂಶ ಸೆನ್ಸರ್ ಹಾಕಿ ಉಳಿತಾಯ ಮಾಡಲು ಹೋಗಬೇಡಿ, ತೀರ್ಥಹಳ್ಳಿ ಕಡೆಯ ಸೆಪ್ಟೆಂಬರ್ ಥಂಡಿಗೆ ಅದು ನೂರರ ಹತ್ತಿರ ಅಂಟಿಕೊಂಡು ಕೂರುತ್ತದೆ.

ನೆಟ್‌ವರ್ಕ್ ಬೇಡವೇ ಬೇಡ, ಕನಿಷ್ಠ ಮೊದಲ ಸೀಸನ್‌ಗೆ. ಎಲ್ಲರೂ ಎಸ್‌ಐಎಂ800 ಮಾಡ್ಯೂಲ್ ತಂದು ಜಿಯೋ ಸಿಮ್ ಹಾಕುತ್ತಾರೆ. ಆ ಮಾಡ್ಯೂಲ್ 2ಜಿ, ಜಿಯೋದಲ್ಲಿ 2ಜಿ ಇಲ್ಲ. ಬೇರೆ ಸಿಮ್ ಹಾಕಿದರೂ ಅದು ಸಿಗ್ನಲ್ ಕಳಿಸುವಾಗ 2 ಆಂಪಿಯರ್‌ವರೆಗೆ ಎಳೆದು ಬೋರ್ಡ್ ರೀಸೆಟ್ ಆಗುತ್ತಿರುತ್ತದೆ. ಪರದೆಯ ಮೇಲೆ ಅಂಕಿ, ಒಳಗೆ ಎಸ್‌ಡಿ ಕಾರ್ಡ್, ಸಾಕು. ಮುಂದೆ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ರೇಡಿಯೋ) ಹಾಕುವುದಾದರೆ 865 ಮೆಗಾಹರ್ಟ್ಸ್‌ನದ್ದೇ ತನ್ನಿ, ಮತ್ತು ಮಾರುವ ಹಂತಕ್ಕೆ ಬಂದಾಗ ನಿಸ್ತಂತು ಸಾಧನಕ್ಕೆ ಇಟಿಎ (ಇಕ್ವಿಪ್‌ಮೆಂಟ್ ಟೈಪ್ ಅಪ್ರೂವಲ್) ಅನುಮೋದನೆ ಬೇಕೆಂಬುದು ನೆನಪಿರಲಿ.

ಪರದೆಯಲ್ಲಿ ಕೆ.ಜಿ. ತೋರಿಸಬೇಡಿ, ಮೊದಲ ತೂಕದಲ್ಲಿ ಶೇಕಡಾ ಎಷ್ಟು ಉಳಿದಿದೆ ಎಂದು ತೋರಿಸಿ. ಯಾರಾದರೂ ನಿಮ್ಮ ತಟ್ಟೆಯನ್ನೇ ವ್ಯಾಪಾರದ ತಕ್ಕಡಿ ಮಾಡಿಕೊಂಡರೆ ಅದು ಕಾನೂನು ಮಾಪನಶಾಸ್ತ್ರ ಕಾಯ್ದೆಯ ಅನುಮೋದನೆ, ಮುದ್ರೆಯ ಗೊಡವೆಗೆ ಹೋಗುತ್ತದೆ.

ಈಗ ಕಷ್ಟದ ಪ್ರಶ್ನೆ. ಇದನ್ನು ಕೊಳ್ಳುವವರು ಯಾರು? ನಲವತ್ತು ವರ್ಷ ಅಡಿಕೆ ಒಣಗಿಸಿದ ಹಿರಿಯರು ಒಂದು ಹಿಡಿ ಎತ್ತಿ ಕುಲುಕಿದರೆ ಶಬ್ದದಲ್ಲೇ ಹೇಳುತ್ತಾರೆ, ಅನುಮಾನ ಬಂದರೆ ಒಂದನ್ನು ಕತ್ತರಿಸಿ ನೋಡುತ್ತಾರೆ. ಅವರಿಗೆ ನಿಮ್ಮ ಯಂತ್ರ ಬೇಕಿಲ್ಲ. ಬೇಕಾಗಬಹುದಾದವರು ಹತ್ತಾರು ತೋಟದ ಫಸಲು ಹಿಡಿದು ಕೆಲಸದವರ ಕೈಯಲ್ಲಿ ಒಣಗಿಸುವ ಚೇಣಿದಾರರು (ಕೆಲವೆಡೆ ಖೇಣಿದಾರರು ಅನ್ನುತ್ತಾರೆ), ಮತ್ತು ಪಾಲಿಹೌಸ್ ಡ್ರೈಯರ್ ಹಾಕಿಸಿಕೊಂಡು ಊರಿನಲ್ಲಿಲ್ಲದ ಯಜಮಾನರು. ಮೊದಲ ಮೂರು ವಾರ ಸೋಲ್ಡರಿಂಗ್ ಕಬ್ಬಿಣ ಮುಟ್ಟದೆ ಇಂಥ ಇಪ್ಪತ್ತು ಜನರನ್ನು ಮಾತಾಡಿಸಿ. ಕಳೆದ ವರ್ಷ ಎಷ್ಟು ಅಡಿಕೆ ಬೂಸ್ಟು ಹಿಡಿಯಿತು, ಮಂಡಿಯಲ್ಲಿ ಹಸಿ ಎಂದು ದರ ಮುರಿದರೇ ಎಂದು ಕೇಳಿ. 'ಇಂಥ ಯಂತ್ರ ಬಂದರೆ ತಗೊಳ್ತೀರಾ' ಎಂದು ಕೇಳಬೇಡಿ. ಮಲೆನಾಡಿನಲ್ಲಿ ಮುಖಕ್ಕೆ ಹೊಡೆದಂತೆ ಬೇಡ ಅನ್ನುವವರು ಕಡಿಮೆ. ಕಾಫಿ ಕೊಟ್ಟು, 'ಮಾಡಿ ಮಾಡಿ, ಒಳ್ಳೇದಾಗ್ಲಿ' ಎಂದು ಗೇಟಿನವರೆಗೆ ಬಂದು ಕಳಿಸುತ್ತಾರೆ. ಅದು ಒಪ್ಪಿಗೆಯಲ್ಲ. 500 ರೂಪಾಯಿ ಮುಂಗಡ ಕೊಟ್ಟು ರಸೀದಿ ಕೇಳಿದರೆ ಅದು ಒಪ್ಪಿಗೆ. ಇಪ್ಪತ್ತರಲ್ಲಿ ಮೂವರೂ ಕೊಡದಿದ್ದರೆ ನಾಲ್ಕನೇ ವಾರವೇ ದಾರಿ ಬದಲಿಸಿ, ಇನ್ನೂ ಹತ್ತು ವಾರ ಕೈಯಲ್ಲಿರುತ್ತದೆ.

ಉಳಿದ ಅವಧಿಯಲ್ಲಿ ನಾಲ್ಕರಿಂದ ಆರನೇ ವಾರ ಮಾದರಿ, ಏಳರಿಂದ ಹದಿಮೂರು ಅಂಗಳದಲ್ಲಿ, ಕೊನೆಗೆ ವರದಿ. ಬೇಯಿಸಿದ ಅಡಿಕೆ ಒಣಗಲು ಒಳ್ಳೆ ಬಿಸಿಲಿದ್ದರೆ ಸುಮಾರು ಒಂದು ವಾರ. ಹಾಗಾಗಿ ಏಳು ವಾರಕ್ಕೆ ಒಂದು ಅಂಗಳದಲ್ಲಿ ಐದಾರು ಸುತ್ತಿಗಿಂತ ಹೆಚ್ಚು ಸಿಗುವುದಿಲ್ಲ. ನಾಲ್ಕು ಮಾದರಿ ಮಾಡಿ ಎಂದದ್ದು ಇದಕ್ಕೇ.

ಕಂಪನಿ ನೋಂದಣಿಗೆ ಅವಸರ ಮಾಡಬೇಡಿ. ಪ್ರೈವೇಟ್ ಲಿಮಿಟೆಡ್ ಮಾಡಿದರೆ ಒಂದು ರೂಪಾಯಿ ವಹಿವಾಟು ಇಲ್ಲದಿದ್ದರೂ ವರ್ಷ ವರ್ಷ ಆಡಿಟ್ ಕಡ್ಡಾಯ, ವಾರ್ಷಿಕ ಫಾರಂ ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಎಲ್‌ಎಲ್‌ಪಿಗೆ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ) ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟುವವರೆಗೆ ಆಡಿಟ್ ಬೇಡ. ಕರ್ನಾಟಕ ಸರ್ಕಾರದ ಎಲಿವೇಟ್ ಅನುದಾನ 50 ಲಕ್ಷದವರೆಗೆ ಇದೆ, ಅದಕ್ಕೆ ನೋಂದಾಯಿತ ಸಂಸ್ಥೆ ಬೇಕು. ಆದರೆ ಮುಂಗಡ ಕೊಟ್ಟ ಮೂರು ಚೇಣಿದಾರರ ಹೆಸರಿಲ್ಲದೆ ಅಲ್ಲಿಗೆ ಹೋಗಿ ಮಾಡುವುದೇನು?

ಪೇಟೆಂಟ್ ಯೋಚನೆ ಇದ್ದರೆ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕಿಂತ ಮೊದಲೇ ಪ್ರೊವಿಶನಲ್ (ತಾತ್ಕಾಲಿಕ) ಅರ್ಜಿ ಹಾಕಿ. ಆನ್‌ಲೈನ್‌ನಲ್ಲಿ ವ್ಯಕ್ತಿಗಳಿಗೆ 1,600 ರೂಪಾಯಿ, ಪೂರ್ಣ ಅರ್ಜಿಗೆ ಅಲ್ಲಿಂದ 12 ತಿಂಗಳು. ಮೊದಲು ಪ್ರದರ್ಶಿಸಿ ಆಮೇಲೆ ಹಾಕಿದರೆ ನಿಮ್ಮ ಪ್ರದರ್ಶನವೇ ನಿಮಗೆ ಅಡ್ಡ ಬರುತ್ತದೆ. ಕಾಲೇಜಿನ ಲ್ಯಾಬ್, ಹಣ ಬಳಸಿದರೆ ಹಕ್ಕು ಯಾರದ್ದು ಎಂಬುದನ್ನು ಇನ್‌ಕ್ಯುಬೇಶನ್ ಪತ್ರದಲ್ಲೇ ಬರೆಸಿಕೊಳ್ಳಿ. ಮೂವರ ನಡುವೆಯೂ ಒಂದು ಪುಟದ ಒಪ್ಪಂದ ಇರಲಿ: ಯಾರ ಪಾಲು ಎಷ್ಟು, ಕೆಲಸ ಸಿಕ್ಕಿ ನಡುವೆ ಬಿಟ್ಟುಹೋದರೆ ಆ ಪಾಲು ಏನಾಗುತ್ತದೆ, ಕೋಡ್ ಯಾರ ಹತ್ತಿರ ಉಳಿಯುತ್ತದೆ. ಮೊದಲ ಆಫರ್ ಲೆಟರ್ ಬರುವ ಮುಂಚೆಯೇ ಮೂವರೂ ಸಹಿ ಹಾಕಿಬಿಡಿ.