ಮಗಳು ಯೂನಿಯನ್ ಸೇರಲಿ ಬಿಡಿ

ಪ್ರಿಯ ಓದುಗರೇ,

ನಿಮ್ಮ ಪತ್ರ ತಲುಪಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಬೇರೆ ಓದುಗರಿಗೂ ತಿಳಿಯಲಿ ಎಂದು ನೀವು ಬರೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮ ಮಗಳು ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ಸಂಬಳ ಸೇರಿದಾಗ ಎಷ್ಟಿತ್ತೋ ಹೆಚ್ಚುಕಮ್ಮಿ ಅಷ್ಟೇ ಇದೆ. ಈಗ ಜೊತೆಯವರು ಯೂನಿಯನ್ ಕಟ್ಟೋಣ ಎಂದು ಹೊರಟಿದ್ದಾರೆ. "ನಿನ್ನ ಹೆಸರು ಅದರಲ್ಲಿ ಬರೋದು ಬೇಡ" ಎಂದು ನೀವು ಹೇಳಿದ್ದೀರಿ, ಮಗಳು ಮುನಿಸಿಕೊಂಡಿದ್ದಾರೆ. ನಿಮ್ಮ ವಾದ ಮೂರು. ಅಂಗಡಿ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು, ಅದಕ್ಕೇ ಸಂಬಳ ಕಮ್ಮಿ. ಸಂಬಳ ಏರಿಸಿದರೆ ಸಾಮಾನಿನ ಬೆಲೆ ಏರುತ್ತದೆ, ಇಲ್ಲವೇ ಜನರನ್ನು ತೆಗೆಯುತ್ತಾರೆ. ಯೂನಿಯನ್ ಬಂದರೆ ಅಂಗಡಿಯೇ ಮುಚ್ಚಿಹೋಗಬಹುದು. ಕೊನೆಗೆ "ನಾನು ಹೇಳಿದ್ದು ಸರಿ ಅಲ್ವಾ?" ಎಂದು ಕೇಳಿದ್ದೀರಿ.

ಸರಿ ಅಂತ ನನಗೆ ಅನಿಸುವುದಿಲ್ಲ. ಆದರೆ ನಿಮ್ಮ ಭಯ ಸುಳ್ಳೂ ಅಲ್ಲ. ಹಾಗಾಗಿ ಮೂರನೆಯ ಮಾತಿನಿಂದಲೇ ಶುರು ಮಾಡುತ್ತೇನೆ.

ಯೂನಿಯನ್ ಆದ ಮೇಲೆ ಅಂಗಡಿ ಮುಚ್ಚಿದ್ದು ಉಂಟು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಜಾಂಕಿಯೇರ್ ಎಂಬಲ್ಲಿ ವಾಲ್‌ಮಾರ್ಟ್ ಅಂಗಡಿಯ ಕೆಲಸದವರು 2004ರಲ್ಲಿ ಯೂನಿಯನ್ ಮಾಡಿಕೊಂಡರು. ಒಪ್ಪಂದ ಕುದುರುವ ಮುಂಚೆಯೇ, 2005ರಲ್ಲಿ, ಕಂಪನಿ ಆ ಅಂಗಡಿಯನ್ನು ಮುಚ್ಚಿತು. ಲಾಭ ಬರುತ್ತಿರಲಿಲ್ಲ ಎಂಬುದು ಅದರ ಮಾತು. ಸುಮಾರು 190 ಜನರ ಕೆಲಸ ಹೋಯಿತು. ಅಲ್ಲಿನವರು ಕೋರ್ಟಿಗೆ ಅಲೆದರು. ಹೀಗೆ ಮುಚ್ಚಿದ್ದು ಕಾರ್ಮಿಕ ಕಾನೂನಿಗೆ ವಿರುದ್ಧ, ಅವರಿಗೆ ಪರಿಹಾರ ಸಿಗಬೇಕು ಎಂದು ಕೆನಡಾದ ಸುಪ್ರೀಂ ಕೋರ್ಟ್ ಹೇಳಿತು. ಹೇಳಿದ್ದು 2014ರಲ್ಲಿ. ಒಂಬತ್ತು ವರ್ಷ ಕಾದು ಗೆದ್ದವರಿಗೆ ಗೆದ್ದ ಸಂತೋಷ ಎಷ್ಟು ಉಳಿದಿತ್ತೋ! ನಿಮ್ಮಂಥ ತಂದೆಗೆ ಇಂಥ ಸುದ್ದಿ ಕೇಳಿ ಎದೆ ಝಲ್ಲೆಂದರೆ ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಈ ಕಥೆಯಿಂದ ನಾನು ಕಲಿಯುವುದು ಬೇರೆ. ಒಂದೇ ಅಂಗಡಿಯವರು ಒಂಟಿಯಾಗಿ ನಿಂತಾಗ ಆ ಒಂದು ಅಂಗಡಿಯನ್ನು ಮುಚ್ಚುವುದು ದೊಡ್ಡ ಕಂಪನಿಗೆ ಸುಲಭ. ಎಲ್ಲ ಅಂಗಡಿಗಳ ಕೆಲಸದವರೂ ಒಟ್ಟಾಗಿದ್ದರೆ ಯಾವುದನ್ನು ಮುಚ್ಚುತ್ತಾರೆ? ಅಮೆರಿಕದ ಡೆಟ್ರಾಯಿಟ್‌ನಲ್ಲಿ 1937ರ ಫೆಬ್ರವರಿಯಲ್ಲಿ ವೂಲ್‌ವರ್ತ್ ಅಂಗಡಿಯ 108 ಹುಡುಗಿಯರು ಕೆಲಸ ನಿಲ್ಲಿಸಿ ಅಂಗಡಿಯೊಳಗೇ ಕೂತರು. ರಾತ್ರಿಯೂ ಅಲ್ಲೇ ಮಲಗಿದರು. ಒಂದು ವಾರದಲ್ಲಿ ಕಂಪನಿ ಒಪ್ಪಿತು. ಗಂಟೆಗೆ 5 ಸೆಂಟ್ ಜಾಸ್ತಿ ಸಿಕ್ಕಿತು. ಮುಖ್ಯ ವಿಷಯ ಏನೆಂದರೆ, ಆ ಏರಿಕೆ ಅವರ ಅಂಗಡಿಗೆ ಮಾತ್ರ ಸೀಮಿತವಾಗಲಿಲ್ಲ, ಆ ಊರಿನ ವೂಲ್‌ವರ್ತ್ ಅಂಗಡಿಗಳಿಗೆಲ್ಲ ಅನ್ವಯವಾಯಿತು. ಇವತ್ತಿಗೂ ಡೆನ್ಮಾರ್ಕ್‌ನಲ್ಲಿ ಕನಿಷ್ಠ ವೇತನದ ಕಾನೂನೇ ಇಲ್ಲ. ಕಾರ್ಮಿಕರ ಸಂಘಗಳೂ ಮಾಲೀಕರ ಸಂಘಗಳೂ ಕೂತು ಮಾತಾಡಿ, ಒಂದೊಂದು ಕಸುಬಿಗೂ ಸಂಬಳ ಎಷ್ಟು ಎಂದು ಒಪ್ಪಂದ ಮಾಡಿಕೊಳ್ಳುತ್ತವೆ. ಆಸ್ಟ್ರೇಲಿಯಾದಲ್ಲಿ ಅಂಗಡಿ ಕೆಲಸಕ್ಕೆಂದೇ ದೇಶಕ್ಕೆಲ್ಲ ಅನ್ವಯಿಸುವ ವೇತನ ಆದೇಶ ಇದೆ. ಹಾಗಾಗಿ ನಿಮ್ಮ ಮಗಳ ಜೊತೆಯವರಿಗೆ ನಾನು ಮೊದಲು ಹೇಳುವ ಮಾತು ಇದು: ನಿಮ್ಮ ಅಂಗಡಿಯೊಳಗೆ ಮಾತ್ರ ಯೂನಿಯನ್ ಕಟ್ಟಬೇಡಿ. ಪಕ್ಕದ ಅಂಗಡಿಯವರನ್ನೂ ಸೇರಿಸಿಕೊಳ್ಳಿ.

ಇನ್ನು "ಯಾರು ಬೇಕಾದರೂ ಮಾಡಬಹುದಾದ ಕೆಲಸ" ಎಂಬ ಮಾತು. ಇದು ನನಗೆ ನಿಜವಾಗಿಯೂ ನೋವು ಕೊಡುವ ಮಾತು. ನೀವು ಕೆಟ್ಟ ಮನಸ್ಸಿನಿಂದ ಹೇಳಿಲ್ಲ ಎಂದು ಗೊತ್ತು. ಆದರೂ ನಿಮ್ಮ ಮಗಳು ದಿನವಿಡೀ ಏನು ಮಾಡುತ್ತಾರೆ ಎಂದು ಒಮ್ಮೆ ಕೂರಿಸಿಕೊಂಡು ಕೇಳಿ. ಯಾವ ಅಳತೆ ಯಾವ ಬಣ್ಣದಲ್ಲಿ ಎಷ್ಟು ಉಳಿದಿದೆ ಎಂಬುದು ತಲೆಯಲ್ಲಿರಬೇಕು. ಗಿರಾಕಿ ಇಪ್ಪತ್ತು ಬಿಡಿಸಿ ನೋಡಿ ಒಂದೂ ಕೊಳ್ಳದೆ ಎದ್ದು ಹೋದಾಗ ಇಪ್ಪತ್ತನ್ನೂ ಮತ್ತೆ ಮಡಿಸಬೇಕು. ಬೈಗುಳ ತಿಂದರೂ ಮುಖದಲ್ಲಿ ನಗು ಇರಬೇಕು. ಸ್ಟಾಕ್ ಇಳಿಸಬೇಕು, ಬಿಲ್ ಹಾಕಬೇಕು, ಕಳ್ಳತನದ ಮೇಲೆ ಕಣ್ಣಿಡಬೇಕು. ಲೆಕ್ಕದಲ್ಲಿ ಹಣ ಕಮ್ಮಿ ಬಂದರೆ ಎಷ್ಟೋ ಕಡೆ ಕೈಯಿಂದ ತುಂಬಬೇಕು. ಇಷ್ಟೆಲ್ಲ ನಿಂತುಕೊಂಡೇ.

ಈ ನಿಂತುಕೊಳ್ಳುವ ವಿಷಯವನ್ನೇ ನೋಡಿ. ಬ್ರಿಟನ್ನಿನಲ್ಲಿ 1899ರಲ್ಲೇ ಅಂಗಡಿಯ ಹೆಂಗಸರಿಗೆ ಕೂರಲು ಆಸನ ಇರಬೇಕು, ಮೂವರಿಗೆ ಒಂದಾದರೂ ಇರಬೇಕು ಎಂದು ಕಾನೂನು ಬಂತು. ಕೇರಳದ ಬಟ್ಟೆ ಅಂಗಡಿಗಳ ಹೆಂಗಸರಿಗೆ ಕೂರುವ ಹಕ್ಕು ಕಾನೂನಾಗಿ ಸಿಕ್ಕಿದ್ದು 2018ರಲ್ಲಿ. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ನಡುವೆ ನೂರಕ್ಕೂ ಹೆಚ್ಚು ವರ್ಷ. ಕೇರಳದಲ್ಲಿ ಅದು ತಾನಾಗಿ ಬರಲಿಲ್ಲ. ಆ ಹೆಂಗಸರು ಸಂಘ ಕಟ್ಟಿಕೊಂಡು ವರ್ಷಗಟ್ಟಲೆ ಹೋರಾಡಿದ್ದರಿಂದ ಬಂತು. ಒಂದು ಸ್ಟೂಲಿಗೆ ಇಷ್ಟು ಹೋರಾಟ ಬೇಕಾಯಿತು ಎಂದರೆ, ಸಂಬಳವನ್ನು ಯಾರಾದರೂ ಕೇಳದೆ ಕೊಡುತ್ತಾರೆಯೇ?

ಕೆಲಸದ ಬೆಲೆ ಎಷ್ಟು ಎಂಬ ಪ್ರಶ್ನೆ ಈಚೆಗೆ ಕೋರ್ಟುಗಳಿಗೂ ಹೋಗಿದೆ. ಬ್ರಿಟನ್ನಿನ ಆಸ್ಡಾ ಎಂಬ ದೊಡ್ಡ ಅಂಗಡಿ ಸಮೂಹದಲ್ಲಿ ಅಂಗಡಿಯೊಳಗೆ ಕೆಲಸ ಮಾಡುವವರು ಹೆಚ್ಚಿನವರು ಹೆಂಗಸರು, ಗೋದಾಮಿನಲ್ಲಿ ಹೆಚ್ಚಿನವರು ಗಂಡಸರು. ಗೋದಾಮಿನವರಿಗೆ ಸಂಬಳ ಜಾಸ್ತಿ. ನಮ್ಮ ಕೆಲಸವನ್ನು ಅವರ ಕೆಲಸದ ಜೊತೆ ಹೋಲಿಸಿ ನೋಡಿ ಎಂದು ಹೆಂಗಸರು ಕೇಳಿದರು. ಹೋಲಿಸಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಅದು ಮೊದಲ ಮೆಟ್ಟಿಲು ಮಾತ್ರ. ಆದರೆ 2024ರಲ್ಲಿ ನೆಕ್ಸ್ಟ್ ಎಂಬ ಬಟ್ಟೆ ಕಂಪನಿಯ ಇಂಥದ್ದೇ ಮೊಕದ್ದಮೆಯಲ್ಲಿ ಕಾರ್ಮಿಕ ನ್ಯಾಯಮಂಡಳಿ ಇನ್ನೂ ಮುಂದೆ ಹೋಯಿತು. ಗೋದಾಮಿನವರಿಗೆ ಮಾರುಕಟ್ಟೆಯಲ್ಲಿ ದರ ಜಾಸ್ತಿ, ಅದಕ್ಕೇ ಜಾಸ್ತಿ ಕೊಡುತ್ತೇವೆ ಎಂಬ ಕಂಪನಿಯ ವಾದ ಸಾಲದು, ಖರ್ಚು ಉಳಿಸುವ ಆಸೆಯೊಂದೇ ಈ ವ್ಯತ್ಯಾಸಕ್ಕೆ ನ್ಯಾಯ ಆಗಲಾರದು ಎಂದಿತು. ಮೊಕದ್ದಮೆ ಹೂಡಿದವರು 3,500ಕ್ಕೂ ಹೆಚ್ಚು ಮಂದಿ. ಕಂಪನಿ ಮೇಲ್ಮನವಿಗೆ ಹೋಗುತ್ತೇವೆ ಎಂದು ಹೇಳಿತು. ಅದು ಏನೇ ಆಗಲಿ, ಬಟ್ಟೆ ಅಂಗಡಿಯ ಹುಡುಗಿಯ ಕೆಲಸವನ್ನೂ ಗೋದಾಮಿನ ಹುಡುಗನ ಕೆಲಸವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರಲ್ಲ, ಅದು ನನಗೆ ದೊಡ್ಡದು.

ಹಾಗಾದರೆ ಸಂಬಳ ಯಾಕೆ ಕಮ್ಮಿ? ನನ್ನ ಉತ್ತರ ನೇರ. ಕೇಳುವವರು ಒಬ್ಬೊಬ್ಬರೇ ಹೋಗಿ ಕೇಳುತ್ತಾರೆ, ಅದಕ್ಕೇ ಕಮ್ಮಿ. ಮುನ್ನೂರು ಜನರ ಅಂಗಡಿಯಲ್ಲಿ ಒಬ್ಬರು ಬಿಟ್ಟು ಹೋದರೆ ಮಾಲೀಕನಿಗೆ ಮುನ್ನೂರರಲ್ಲಿ ಒಂದು ಪಾಲು ಕಷ್ಟ. ಕೆಲಸ ಹೋದರೆ ಆ ಒಬ್ಬರಿಗೆ ಪೂರ್ತಿ ಕಷ್ಟ. ಇಬ್ಬರೂ ಎದುರುಬದುರು ಕೂತು ಮಾತಾಡಿದರೆ ಮಾತು ಯಾರ ಕಡೆ ವಾಲುತ್ತದೆ ಎಂದು ನಿಮಗೇ ಗೊತ್ತು. ಕೆಲಸ ಸುಲಭವೋ ಕಷ್ಟವೋ ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಸಂಬಳ ಏರಿದರೆ ಬೆಲೆ ಏರುತ್ತದೆ ಎಂದಿರಿ. ಸ್ವಲ್ಪ ಏರಬಹುದು. ಒಂದು ಅಂಗಡಿಯ ನೂರರ ವ್ಯಾಪಾರದಲ್ಲಿ ಹತ್ತು ಸಂಬಳಕ್ಕೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಸಂಬಳವನ್ನು ಶೇಕಡಾ 20 ಏರಿಸಿ, ಅಷ್ಟನ್ನೂ ಗಿರಾಕಿಯ ತಲೆಗೇ ಕಟ್ಟಿದರೂ ನೂರರ ಸಾಮಾನು ನೂರೆರಡಾಗುತ್ತದೆ. ಜನ ಬಿಟ್ಟು ಹೋಗುವುದು ಕಮ್ಮಿಯಾದರೆ, ಹೊಸಬರನ್ನು ಹುಡುಕಿ ಕಲಿಸುವ ಖರ್ಚು ಉಳಿದು, ನೂರಕ್ಕೆ ಎರಡರಷ್ಟೂ ಪೂರ್ತಿ ಏರಬೇಕಾಗಿಲ್ಲ.

ಕೆಲಸ ಹೋಗುತ್ತದೆ ಎಂಬ ಮಾತನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಎರಡೂ ಕಡೆಯ 410 ಫಾಸ್ಟ್‌ಫುಡ್ ಹೋಟೆಲುಗಳನ್ನು ಏರಿಕೆಯ ಮುಂಚೆಯೂ ಆಮೇಲೆಯೂ ವಿಚಾರಿಸಿದರು. ಏರಿಸಿದ ಕಡೆ ಕೆಲಸ ಕಮ್ಮಿಯಾದದ್ದು ಕಾಣಲಿಲ್ಲ. ಅದರ ಮೇಲೆ ಬೇಕಾದಷ್ಟು ವಾದ ನಡೆದಿದೆ, ಈಗಲೂ ನಡೆಯುತ್ತಿದೆ. ಎಷ್ಟು ಬೇಕಾದರೂ ಏರಿಸಬಹುದು ಎಂದು ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ "ಏರಿಸಿದರೆ ಕೆಲಸ ಹೋಗೇ ಹೋಗುತ್ತದೆ" ಎಂದು ಕಣ್ಣುಮುಚ್ಚಿ ಹೇಳುವ ಕಾಲ ಹೋಯಿತು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಕಮ್ಮಿ ಸಂಬಳಕ್ಕೂ ಯಾರೋ ಒಬ್ಬರು ಹಣ ತೆರುತ್ತಿರುತ್ತಾರೆ, ಅದನ್ನೂ ನೋಡಬೇಕು. ಅಮೆರಿಕದ ಸರಕಾರಿ ಲೆಕ್ಕಪರಿಶೋಧಕರು 2020ರಲ್ಲಿ ಒಂದು ವರದಿ ಕೊಟ್ಟರು. ಕೆಲಸ ಇದ್ದೂ ಸರಕಾರದ ಆಹಾರ ನೆರವು, ಆರೋಗ್ಯ ನೆರವು ಪಡೆಯುವವರು ಎಲ್ಲಿ ದುಡಿಯುತ್ತಾರೆ ಎಂದು ಅದರಲ್ಲಿ ನೋಡಿದ್ದರು. ಪಟ್ಟಿಯ ಮೇಲುಭಾಗದಲ್ಲಿ ವಾಲ್‌ಮಾರ್ಟ್, ಮ್ಯಾಕ್‌ಡೊನಾಲ್ಡ್ಸ್‌ನಂಥ ಹೆಸರುಗಳಿದ್ದವು. ಅಲ್ಲಿ ಒಕ್ಕೂಟ ಸರಕಾರದ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ಅಂಗಡಿ ಕೊಡದ ಪಾಲನ್ನು ತೆರಿಗೆ ಕಟ್ಟುವವರು ತುಂಬುತ್ತಿದ್ದಾರೆ.

ಸಣ್ಣ ಅಂಗಡಿಯವರ ಗತಿ ಏನು ಎಂದೂ ನೀವು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಒಬ್ಬ ಸಣ್ಣ ಅಂಗಡಿಯವನು ತಾನಾಗಿ ಸಂಬಳ ಏರಿಸಿದರೆ ಪೆಟ್ಟು ತಿನ್ನುತ್ತಾನೆ, ನಿಜ. ಅದಕ್ಕೇ ಸಂಬಳ ಇದಕ್ಕಿಂತ ಕೆಳಗಿಳಿಯಬಾರದು ಎಂಬ ಮಿತಿ ಎಲ್ಲರಿಗೂ ಒಂದೇ ಇರಬೇಕು ಅನ್ನುವುದು. 1909ರಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ವಿನ್‌ಸ್ಟನ್ ಚರ್ಚಿಲ್ ಇದನ್ನೇ ಹೇಳಿದರು: ಒಪ್ಪಂದ ಮಾಡಿಕೊಳ್ಳುವ ಶಕ್ತಿ ಇಲ್ಲದ ಕಸುಬುಗಳಲ್ಲಿ ಒಳ್ಳೆಯ ಮಾಲೀಕನನ್ನು ಕೆಟ್ಟ ಮಾಲೀಕ ಹೊಡೆದುಹಾಕುತ್ತಾನೆ, ಕೆಟ್ಟವನನ್ನು ಇನ್ನೂ ಕೆಟ್ಟವನು ಹೊಡೆದುಹಾಕುತ್ತಾನೆ. ಚರ್ಚಿಲ್ ಕಾರ್ಮಿಕ ನಾಯಕರೇನೂ ಆಗಿರಲಿಲ್ಲ, ಅಲ್ವಾ?

ಈಗ "ನ್ಯಾಯದ ಸಂಬಳ ಅಂದರೆ ಎಷ್ಟು, ಅದನ್ನು ಹೇಳುವವರು ಯಾರು" ಎಂಬ ನಿಮ್ಮ ಪ್ರಶ್ನೆ. 1907ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಧೀಶ ಹಿಗಿನ್ಸ್ ಎದುರು ಇದೇ ಪ್ರಶ್ನೆ ಬಂತು. ಅವರು ಕಂಪನಿಯ ಲಾಭದ ಪುಸ್ತಕ ಬಿಡಿಸಲಿಲ್ಲ. ಕೆಲಸಗಾರರ ಹೆಂಡತಿಯರನ್ನು ಕರೆಸಿ ಬಾಡಿಗೆಗೆ ಎಷ್ಟು, ಊಟಕ್ಕೆ ಎಷ್ಟು, ಬಟ್ಟೆಗೆ ಎಷ್ಟು ಎಂದು ಕೇಳಿದರು. ಮನುಷ್ಯನಾಗಿ ಬದುಕಲು ಬೇಕಾದಷ್ಟು ಸಿಗಬೇಕು ಎಂದು ದಿನಕ್ಕೆ 7 ಷಿಲಿಂಗ್ ಎಂದು ಬರೆದರು. ಈ ದಾರಿ ನನಗೆ ತುಂಬ ಹಿಡಿಸುತ್ತದೆ. ಆದರೆ ಅದರಲ್ಲೊಂದು ದೊಡ್ಡ ಲೋಪ ಇತ್ತು. ಲೆಕ್ಕ ಹಾಕಿದ್ದು ಹೆಂಡತಿ, ಮೂರು ಮಕ್ಕಳನ್ನು ಸಾಕುವ ಗಂಡಸಿಗೆ. ಹೆಂಗಸಿನ ದುಡಿಮೆ ಮೇಲುಖರ್ಚಿಗೆ ಎಂದುಕೊಂಡು ಅವಳ ಕೂಲಿಯನ್ನು ಆಮೇಲೆ ಗಂಡಸಿನ ಅರ್ಧಕ್ಕಿಂತ ಚೂರು ಜಾಸ್ತಿ ಇಟ್ಟರು. ಅಂಗಡಿ ಕೆಲಸದ ಸಂಬಳ ಲೋಕದ ಎಷ್ಟೋ ಕಡೆ ಇವತ್ತಿಗೂ ಆ ನಂಬಿಕೆಯ ಮೇಲೇ ನಿಂತಿದೆ. "ಮದುವೆ ಆಗೋ ತನಕ ತಾನೆ" ಎಂದು ನೀವೂ ಒಂದು ಕಡೆ ಬರೆದಿದ್ದೀರಿ. ದಯವಿಟ್ಟು ಆ ಮಾತು ಬಿಡಿ. ಅದೇ ಪತ್ರದಲ್ಲಿ, ಮನೆ ಬಾಡಿಗೆ ಕಟ್ಟುವುದು ಅವಳ ಸಂಬಳದಿಂದ ಎಂದೂ ಬರೆದಿದ್ದೀರಲ್ಲ.

ಸಂಬಳದಷ್ಟೇ ಮುಖ್ಯವಾದದ್ದು ವೇಳೆ. ಗಂಟೆಗೆ ಎಷ್ಟೇ ಒಳ್ಳೆಯ ದರ ಇದ್ದರೂ, ವಾರಕ್ಕೆ ಎಷ್ಟು ಗಂಟೆ ಎಂದು ಗೊತ್ತಿಲ್ಲದಿದ್ದರೆ ತಿಂಗಳ ಲೆಕ್ಕ ಹಾಕುವುದು ಹೇಗೆ? ನಾಳೆಯ ಶಿಫ್ಟ್ ಇವತ್ತು ರಾತ್ರಿ ತಿಳಿದರೆ ಮಗುವನ್ನು ಯಾರ ಹತ್ತಿರ ಬಿಡುವುದು? ಅಮೆರಿಕದ ಆರೆಗಾನ್ ರಾಜ್ಯ ದೊಡ್ಡ ಅಂಗಡಿಗಳಿಗೆ ಇದರ ಮೇಲೇ ಕಾನೂನು ಮಾಡಿತು. ಶಿಫ್ಟ್ ಪಟ್ಟಿಯನ್ನು ಮೊದಲು 7 ದಿನ ಮುಂಚೆ, 2020ರ ಜುಲೈನಿಂದ 14 ದಿನ ಮುಂಚೆ ಕೊಡಬೇಕು. ಮಗಳ ಜೊತೆಯವರು ಬೇಡಿಕೆ ಬರೆಯುವಾಗ ಸಂಬಳದ ಪಕ್ಕದಲ್ಲೇ ಇದನ್ನೂ ಬರೆಯಲಿ. ಇದಕ್ಕೆ ಮಾಲೀಕನಿಗೆ ಖರ್ಚು ಕಮ್ಮಿ, ಕೆಲಸದವರಿಗೆ ನೆಮ್ಮದಿ ಜಾಸ್ತಿ. ಮೊದಲ ಗೆಲುವು ಇಂಥದ್ದೇ ಆಗಿರುತ್ತದೆ ಬಹಳ ಸಲ.

ಎಲ್ಲ ಯೂನಿಯನ್ನುಗಳೂ ಒಳ್ಳೆಯವೇ ಎಂದು ನಾನು ಹೇಳುತ್ತಿಲ್ಲ. ಚಂದಾ ತಿಂದವರಿದ್ದಾರೆ, ಮಾಲೀಕನ ಜೊತೆ ಕೈಜೋಡಿಸಿದವರಿದ್ದಾರೆ. ಪದಾಧಿಕಾರಿಗಳ ಚುನಾವಣೆ ಕಾಲಕ್ಕೆ ಸರಿಯಾಗಿ ಆಗುತ್ತದೆಯೇ, ಲೆಕ್ಕಪತ್ರ ಸದಸ್ಯರಿಗೆ ತೋರಿಸುತ್ತಾರೆಯೇ, ಮುಂದಿನ ಸಾಲಿನಲ್ಲಿ ಹೆಂಗಸರು ಇದ್ದಾರೆಯೇ ಎಂದು ಸೇರುವ ಮುಂಚೆ ನೋಡಿಕೊಳ್ಳಲಿ. ಮೂರೂ ಇಲ್ಲದಿದ್ದರೆ ಅಲ್ಲಿಗೆ ಹೋಗುವುದು ಬೇಡ. ಬೇಗ ಫಲ ಸಿಗುತ್ತದೆ ಎಂಬ ಆಸೆಯೂ ಬೇಡ. ಅಮೆರಿಕದ ಟೌಸನ್‌ನಲ್ಲಿ ಆಪಲ್ ಅಂಗಡಿಯವರು ಯೂನಿಯನ್‌ಗೆ ಮತ ಹಾಕಿದ್ದು 2022ರ ಜೂನ್‌ನಲ್ಲಿ. ಮೊದಲ ಒಪ್ಪಂದ ಕೈಗೆ ಬಂದದ್ದು 2024ರಲ್ಲಿ.

ಮಾರ್ಗರೆಟ್ ಬಾಂಡ್‌ಫೀಲ್ಡ್ ಎಂಬ ಹೆಣ್ಣುಮಗಳ ಬಗ್ಗೆ ಮಗಳಿಗೆ ಹೇಳಿ. ಹದಿನಾಲ್ಕನೆಯ ವಯಸ್ಸಿಗೆ ಬ್ರಿಟನ್ನಿನ ಬಟ್ಟೆ ಅಂಗಡಿ ಸೇರಿದವರು. ಆಗ ಕೆಲಸದವರು ಮಾಲೀಕ ಕೊಟ್ಟ ಕೋಣೆಯಲ್ಲೇ ಮಲಗಬೇಕಿತ್ತು, ಹಾಕಿದ್ದನ್ನು ಉಣ್ಣಬೇಕಿತ್ತು. ಬಾಂಡ್‌ಫೀಲ್ಡ್ ಅಂಗಡಿ ನೌಕರರ ಯೂನಿಯನ್ ಸೇರಿ, ಬೇರೆ ಹೆಸರಿನಲ್ಲಿ ಇದನ್ನೆಲ್ಲ ಬರೆದರು. 1929ರಲ್ಲಿ ಅದೇ ದೇಶದ ಕಾರ್ಮಿಕ ಮಂತ್ರಿಯಾದರು. ಬ್ರಿಟನ್ನಿನ ಸಂಪುಟ ಸೇರಿದ ಮೊದಲ ಹೆಂಗಸು ಅವರೇ.

ಈಗ ಮಾಡಬೇಕಾದ ಕೆಲಸ. ಸಂಬಳದ ಚೀಟಿಗಳನ್ನೆಲ್ಲ ಮನೆಯಲ್ಲಿ ತೆಗೆದಿಡಲಿ. ಬಂದ ಹೊತ್ತು, ಹೋದ ಹೊತ್ತು, ಕಡಿತವಾದ ಹಣ, ಇಷ್ಟನ್ನೂ ದಿನಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಯೂನಿಯನ್ ಮಾತು ಕೆಲಸದ ವೇಳೆಯ ಹೊರಗೆ, ಅಂಗಡಿಯ ಹೊರಗೆ ಆಡಲಿ. ಕಂಪನಿಯ ಫೋನು, ಕಂಪನಿಯ ವಾಟ್ಸ್ಯಾಪ್ ಗುಂಪು ಬೇಡವೇ ಬೇಡ. ಮ್ಯಾನೇಜರ್ ಕರೆದರೆ ಒಬ್ಬರೇ ಹೋಗಬಾರದು, ಖಾಲಿ ಕಾಗದಕ್ಕೆ ಸಹಿ ಹಾಕಬಾರದು. ಸಂಘ ಕಟ್ಟುವ ಹಕ್ಕನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1948ರಲ್ಲೇ ಬರೆದಿಟ್ಟಿದೆ. ಆದರೆ ಕೆಲಸದಿಂದ ತೆಗೆದರೆ ಏನು ರಕ್ಷಣೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಸಹಿ ಹಾಕುವ ಮುಂಚೆ ಕಾರ್ಮಿಕ ವಕೀಲರೊಬ್ಬರನ್ನು ಕಾಣಲಿ. ನೀವೂ ಜೊತೆಗೆ ಹೋಗಿ.

ನಿಮ್ಮ
ಸಂಪಾದಕ